ಅಜ್ಜಾವರದ ಉದಯೋನ್ಮುಖರು

ಸುಳ್ಯ ತಾಲೂಕಿನ ಅಜ್ಜಾವರದ ಉದಯೋನ್ಮುಖ ಕಥೆಗಾರರನ್ನು ಗುರುತಿಸುವುದು ಸುಲಭ. ಹೆಗಲಲ್ಲಿ ಜೋಳಿಗೆ, ಅದರೊಳಗೆ ಹಿಂದಿನ ಕಥಾಕಮ್ಮಟಗಳಲ್ಲಿ ಸಿಕ್ಕಿದ ಪ್ಯಾಡು, ಪೆನ್ನು, ಪ್ರಮಾಣಪತ್ರ. ಪುತ್ತೂರಿನಲ್ಲಿ ಕಮ್ಮಟ ಎಂದರೆ ಸಾಕು, ಬೆಳಗಿನ ಮೊದಲ ಬಸ್ಸಿಗೇ ಹೊರಟರು. ತಂತ್ರ, ದೃಷ್ಟಿಕೋನ, ಪ್ರಜ್ಞಾಪ್ರವಾಹ ಎಲ್ಲ ಬಾಯಿಪಾಠ. ಕಥೆ ಮಾತ್ರ ಒಂದೇ: ಬೆಂಗಳೂರಿನ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕಾಫಿ ಹಿಡಿದು ಮಳೆ ನೋಡುವ ಅನನ್ಯಾ. ತಮ್ಮದೇ ಮನೆಯ ಹಂಚಿನ ಮೇಲೆ ಬಡಿಯುವ ಮಳೆ ಅವರ ಪಾಲಿಗೆ ಸಾಹಿತ್ಯವಲ್ಲ, ಅಡಿಕೆಗೆ ಕೊಳೆರೋಗ ತರುವ ಉಪದ್ರ. ಪಾಪ, ಇನ್ನೂ ಕೌಶಲ ಸಾಲದು ಎಂದು ಹಿರಿಯರು ಮರುಗುತ್ತಾರೆ. ನಾನು ಒಪ್ಪುವುದಿಲ್ಲ. ಕೌಶಲ ಬೇಕಾದಷ್ಟಿದೆ, ಕಣ್ಣೆದುರಿನದ್ದೂ ಕಥೆಯೇ ಎಂದು ಒಪ್ಪುವ ಧೈರ್ಯ ಸಾಲದು.

ಪುರಾವೆ ಬೇಕಾದರೆ ಸಂಜೆ ಅಂಗಡಿ ಜಗಲಿಗೆ ಹೋಗಬೇಕು. 2023ರ ಏಪ್ರಿಲ್‌ನಲ್ಲಿ ಅಜ್ಜಾವರದ ತೋಟವೊಂದರ ಕೆರೆಗೆ ಮರಿಗಳೂ ಸೇರಿ ನಾಲ್ಕು ಕಾಡಾನೆಗಳು ಬಿದ್ದವು. ಅರಣ್ಯ ಇಲಾಖೆಯವರೂ ಊರವರೂ ಸೇರಿ ದಂಡೆ ಕಡಿದು ದಾರಿ ಮಾಡಿ ಹತ್ತಿಸಿದರು. ಇದನ್ನು ನಮ್ಮ ಉದಯೋನ್ಮುಖರು ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಹೇಳುವುದನ್ನು ಕೇಳಿ: ಆನೆಯೆಂಬ ಮಾತು ಬರುವಷ್ಟರಲ್ಲಿ ಕೇಳುವವರ ಕೈಯ ಚಾ ಆರಿರುತ್ತದೆ, ಒಬ್ಬರೂ ಏಳುವುದಿಲ್ಲ. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಇವರಿಗೆ ಯಾವ ಕಮ್ಮಟ ಕಲಿಸಬೇಕು? ಅದೇ ಮನುಷ್ಯ ಪೆನ್ನು ಹಿಡಿದರೋ, ‘ಗಜಸಮೂಹವು ಜಲಾಶಯದಲ್ಲಿ ಸಿಲುಕಿಕೊಂಡಿತು’ ಎಂದು ಪಂಚಾಯತ್ ಪ್ರಕಟಣೆ ಹೊರಬೀಳುತ್ತದೆ.

ನಮ್ಮೂರಿನ ತೋಟ, ಗುಡ್ಡ ಬೇರೆಯವರಿಗೆ ಯಾಕೆ ಎಂದು ಅವರು ಕೇಳುತ್ತಾರೆ. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1943ರಲ್ಲಿ ‘ಬೆಟ್ಟದ ಜೀವ’ ಬರೆದಾಗ ಬಂಡವಾಳ ಇದ್ದದ್ದಾದರೂ ಎಷ್ಟು? ದಾರಿ ತಪ್ಪಿದ ಒಬ್ಬ ಪ್ರಯಾಣಿಕ, ಕುಮಾರಪರ್ವತದ ತಪ್ಪಲಲ್ಲಿ ತೋಟ ಮಾಡಿಕೊಂಡ ವೃದ್ಧ ದಂಪತಿ, ನಡುವೆ ಒಂದು ಹುಲಿ. ಹುಲಿ ಒಂದೇ, ಅಜ್ಜಾವರದ ಕೆರೆಯಲ್ಲಿ ಆನೆಗಳೇ ನಾಲ್ಕು. ಊರಿಗೇ ಅಂಟಿಕೊಂಡರೆ ಕಲ್ಪನೆ ಸಾಯುತ್ತದೆ ಎಂಬುದು ಇನ್ನೊಂದು ತಕರಾರು. ಇದೇ ಸೀಮೆಯ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ‘ಮೃತ್ಯುಂಜಯ’ದಲ್ಲಿ ಪ್ರಾಚೀನ ಈಜಿಪ್ಟಿನವರೆಗೆ ಹೋದರು. ಆದರೆ ಅದಕ್ಕೆ ಮೊದಲೇ ‘ಚಿರಸ್ಮರಣೆ’ಗಾಗಿ ಕಾಸರಗೋಡು ಸೀಮೆಯ ಕಯ್ಯೂರಿನ ರೈತರ ನಡುವೆ ನಿಂತಿದ್ದರು. ಈಜಿಪ್ಟಿನ ಬಸ್ಸು ಕಯ್ಯೂರಿನ ಮೇಲೆಯೇ ಹೋಗುತ್ತದೆ ಎನ್ನೋಣ. ಅರೆಭಾಷೆಯ ಮಾತು ಹಾಕಿದರೆ ಸಂಪಾದಕರು ಮುಟ್ಟುವುದಿಲ್ಲ ಎಂಬ ಭಯದಲ್ಲಿ ಸ್ವಲ್ಪ ನಿಜವಿದೆ. ಪುಟಗಟ್ಟಲೆ ತುಂಬಿದರೆ ಬೀದರಿನ ಓದುಗ ಓಡಿಹೋದಾನು. ಸಂಭಾಷಣೆಯಲ್ಲಿ ನಾಲ್ಕು ಮಾತಿದ್ದರೆ ಸಂದರ್ಭವೇ ಅರ್ಥ ಹೇಳುತ್ತದೆ. 2011ರಲ್ಲಿ ಸರಕಾರವೇ ಅರೆಭಾಷೆಗೆ ಅಕಾಡೆಮಿ ಮಾಡಿದ ಮೇಲೆ ಮಾತನಾಡುವವರೇ ನಾಚಿಕೊಂಡರೆ ಹೇಗೆ?

ಉಳಿದ ತಕರಾರು ಒಂದೇ, ಅದೇ ಅಸಲಿನದ್ದು: ನೆರೆಮನೆಯವರು ಸಿಟ್ಟಾಗುತ್ತಾರೆ. ಬಾಲ್ಕನಿಯ ಅನನ್ಯಾ ಬೇಲಿ ದಾಟಿ ಬಂದು ಜಗಳವಾಡುವುದಿಲ್ಲ, ಆ ಅನುಕೂಲ ದೊಡ್ಡದು. ಆದ್ದರಿಂದ ಕಮ್ಮಟ ನಡೆಸುವವರಲ್ಲಿ ಒಂದು ವಿನಂತಿ. ಪ್ರವೇಶ ಶುಲ್ಕದ ಜೊತೆಗೆ ಊರಿನ ಒಂದು ಗಡಿಜಗಳದ ಬಗ್ಗೆ ಎರಡು ಪುಟವನ್ನೂ ಕಡ್ಡಾಯ ಮಾಡಿ. ಹೆಸರು ಬದಲಾಯಿಸುವುದನ್ನು ಮೊದಲ ಪಾಠವಾಗಿಯೇ ಹೇಳಿಕೊಡಿ. ಮರುದಿನ ಬರೆದವರು ಆ ನೆರೆಮನೆಯ ಮುಂದಿನ ದಾರಿಯಲ್ಲೇ ಸೊಸೈಟಿಗೆ ಹೋಗಬೇಕಲ್ಲ.