ಆಕ್ಲೆಂಡಿನ ಮನೆಬೆಲೆಯ ಸನ್ನಿಧಾನಕ್ಕೊಂದು ಬಿನ್ನವತ್ತಳೆ

ನ್ಯೂಜಿಲ್ಯಾಂಡಿನ ಆಕ್ಲೆಂಡ್ ಮಹಾನಗರದ ಮನೆಗಳ ಮಧ್ಯಾಂಕ ಬೆಲೆಯ ದಿವ್ಯ ಸನ್ನಿಧಾನಕ್ಕೆ, ಆ ನಗರವನ್ನು ಬಿಟ್ಟು ಹ್ಯಾಮಿಲ್ಟನ್, ಪಾಮರ್‌ಸ್ಟನ್ ನಾರ್ತ್, ಡನೀಡಿನ್, ಇನ್ವರ್‌ಕಾರ್ಗಿಲ್ ಮೊದಲಾದ ಊರುಗಳಿಗೆ ಗಂಟುಮೂಟೆ ಕಟ್ಟಿದ ಕನ್ನಡ ಕುಟುಂಬಗಳ ಪರವಾಗಿ ಸಾಷ್ಟಾಂಗ ನಮಸ್ಕಾರಪೂರ್ವಕ ಬಿನ್ನವಿಸಿಕೊಳ್ಳುವುದೇನೆಂದರೆ:

ಒಂದು ತಿಂಗಳಿನಲ್ಲಿ ಮಾರಾಟವಾದ ಮನೆಗಳನ್ನೆಲ್ಲ ಅಗ್ಗದ್ದರಿಂದ ದುಬಾರಿಯದರವರೆಗೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮನೆಯ ಬೆಲೆಯನ್ನು ಸಂಖ್ಯಾಶಾಸ್ತ್ರವು ಮಧ್ಯಾಂಕ ಬೆಲೆ ಎಂದು ಕರೆಯುತ್ತದೆ. ಇಷ್ಟು ಸಾಧುವಾದ ಅಂಕಿಯೊಂದು ಸುಮಾರು ಹದಿನೇಳು ಲಕ್ಷ ಜನರ ನಗರವನ್ನು ಆಳಬಲ್ಲದು, ಯಾರು ಎಲ್ಲಿರಬೇಕು, ಎಷ್ಟು ಮಕ್ಕಳನ್ನು ಹೆರಬೇಕು, ಯಾವ ವಯಸ್ಸಿಗೆ ಸಾಲ ತೀರಿಸಿ ಕಣ್ಣು ಮುಚ್ಚಬೇಕು ಎಂಬುದನ್ನೆಲ್ಲ ತೀರ್ಮಾನಿಸಬಲ್ಲದು ಎಂದು ಕೌಟಿಲ್ಯನೂ ಊಹಿಸಿರಲಾರ. 2010ರ ನವೆಂಬರ್ 1ರಂದು ಎಂಟು ಸ್ಥಳೀಯ ಸಂಸ್ಥೆಗಳನ್ನು ಕೂಡಿಸಿ ಆಕ್ಲೆಂಡ್ ಕೌನ್ಸಿಲ್ ಎಂಬ ಒಂದೇ ಸಂಸ್ಥೆಯನ್ನು ಕಟ್ಟಿದಾಗ ನಗರವು ಒಂದಾಯಿತೆಂದು ಘೋಷಿಸಲಾಯಿತಾದರೂ, ಉತ್ತರದ ಕಡಲತೀರದವರನ್ನೂ ದಕ್ಷಿಣದ ಕಾರ್ಮಿಕರನ್ನೂ ಒಂದೇ ಚಿಂತೆಯಲ್ಲಿ ಒಂದುಗೂಡಿಸಿದ ಕೀರ್ತಿ ಸನ್ನಿಧಾನಕ್ಕೇ ಸಲ್ಲಬೇಕು. ಮೇಯರ್ ಮೂರು ವರ್ಷಕ್ಕೊಮ್ಮೆ ಮತ ಕೇಳಬೇಕಾಗುತ್ತದೆ. ಸನ್ನಿಧಾನಕ್ಕೆ ಆ ಗೋಜಿಲ್ಲ. 2021ರ ನವೆಂಬರಿನಲ್ಲಿ 13 ಲಕ್ಷ ಡಾಲರಿನ ಶಿಖರವೇರಿದ ಸನ್ನಿಧಾನವು, ಮುಂದೆ ಬಡ್ಡಿ ಹೆಚ್ಚಿದಂತೆ 10 ಲಕ್ಷದ ಆಸುಪಾಸಿಗೆ ಇಳಿದಾಗ, ಆಸ್ಪತ್ರೆ ಸೇರಿದ ಹಿರಿಯ ಮುತ್ಸದ್ದಿಯ ಆರೋಗ್ಯದ ವರದಿಯನ್ನು ಓದುವ ದನಿಯಲ್ಲಿ ಆ ಸುದ್ದಿಯನ್ನು ಓದಲಾಯಿತು. ಜನ್ಮದಲ್ಲಿ ಮನೆ ಕೊಳ್ಳಲಾರದವರೂ ಮುಖ ಸಣ್ಣದು ಮಾಡಿಕೊಂಡರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕಟ್ಟಿಕೊಂಡು ವಿಮಾನವೇರಿದ ಕನ್ನಡಿಗರಿಗೆ ಸನ್ನಿಧಾನವು ಕಟ್ಟುವ ಕಷ್ಟವನ್ನು ತಪ್ಪಿಸಿ, ನೋಡುವ ಸುಖವನ್ನಷ್ಟೇ ಉಳಿಸಿಕೊಟ್ಟಿತು. ವಾರಾಂತ್ಯದಲ್ಲಿ ಮಾರಾಟದ ಮನೆಯ ಬಾಗಿಲನ್ನು ಅರ್ಧ ಗಂಟೆ ಕಾಲ ಸಾರ್ವಜನಿಕರಿಗೆ ತೆರೆದಿಡುವ ಪದ್ಧತಿಗೆ ಆ ದೇಶದಲ್ಲಿ ಓಪನ್ ಹೋಮ್ ಎನ್ನುತ್ತಾರೆ. ಕನ್ನಡ ದಂಪತಿಗಳು ಮಕ್ಕಳೊಡನೆ ಬಾಗಿಲಲ್ಲಿ ಬೂಟು ಕಳಚಿ, ಏಜೆಂಟರ ಪಟ್ಟಿಯಲ್ಲಿ ಹೆಸರು, ಫೋನ್ ನಂಬರು ಬರೆದು ಒಳಹೊಕ್ಕು, ಪೂರ್ವ ಯಾವ ಕಡೆ ಎಂದು ಮೊಬೈಲಿನ ದಿಕ್ಸೂಚಿಯಲ್ಲಿ ನೋಡಿ, ಒಲೆ ಆಗ್ನೇಯದಲ್ಲಿಲ್ಲದ್ದಕ್ಕೆ ಪಿಸುದನಿಯಲ್ಲಿ ಚರ್ಚಿಸಿ, ಬಟ್ಟೆಯ ಕಪಾಟಿನ ಮೂಲೆಯಲ್ಲಿ ಹೊಸ ಬಣ್ಣದಡಿಯಿಂದ ಇಣುಕುವ ಕಪ್ಪು ಬೂಷ್ಟನ್ನು ಬೆರಳಿನಿಂದ ಒರಸಿ ನೋಡಿ, ಕೊನೆಗೆ ಬೆಲೆ ಕೇಳಿ ಬೂಟು ಹಾಕಿಕೊಳ್ಳುತ್ತಿದ್ದರು. 1990ರ ದಶಕದಿಂದ 2000ದ ದಶಕದ ಆರಂಭದವರೆಗೆ ಸಂಸ್ಕರಿಸದ ಮರದ ಚೌಕಟ್ಟಿನ ಮೇಲೆ ಗಾರೆಯಂಥ ಹೊದಿಕೆ ಹೊದಿಸಿ ಕಟ್ಟಿದ, ಒಳಗೆ ನೀರಿಳಿದು ಗೋಡೆಯೇ ಕೊಳೆಯುವ ಸಾವಿರಾರು ಮನೆಗಳಿಗೆ ಸೋರುಮನೆಗಳೆಂಬ ಹೆಸರಿದೆ. ಅಂಥವೂ ಸನ್ನಿಧಾನದ ಕೃಪೆಯಿಂದ ಹರಾಜಿನಲ್ಲಿ ಬಿಕರಿಯಾದವು. ಕರ್ನಾಟಕದಲ್ಲಿ ಮನೆ ಹರಾಜಿಗೆ ಬಂತೆಂದರೆ ಮಾನ ಹೋಯಿತೆಂದು ನೆಂಟರು ಮರುಗುತ್ತಾರೆ; ಆಕ್ಲೆಂಡಿನಲ್ಲಿ ಮನೆ ಹರಾಜಿಗೆ ಬಂದರೆ ಮಾರುವವರ ಮಾನ ಏರುತ್ತದೆ, ಕೊಳ್ಳುವವರದು ಮಾತ್ರ ಹರಾಜಾಗುತ್ತದೆ.

ಸನ್ನಿಧಾನದ ಈ ಮಹಿಮೆ ಸ್ವಯಂಭುವಲ್ಲ, ಅದಕ್ಕೆ ನಿತ್ಯಪೂಜೆ ಸಲ್ಲುತ್ತಿದೆ. ಆಸ್ತಿ ಮಾರಿದಾಗ ಬಂದ ಲಾಭದ ಮೇಲೆ ಸಾಮಾನ್ಯವಾಗಿ ಅನ್ವಯಿಸುವ ಬಂಡವಾಳ ಲಾಭ ತೆರಿಗೆಯನ್ನು ಆ ದೇಶವು ಹೇರಿಲ್ಲ. ಬದಲಾಗಿ ಬ್ರೈಟ್‌ಲೈನ್ ಟೆಸ್ಟ್ ಎಂಬ ನಿಯಮವಿದ್ದು, ಕೊಂಡ ಇಷ್ಟು ವರ್ಷಗಳೊಳಗೆ ಸ್ವಂತ ವಾಸದ್ದಲ್ಲದ ಮನೆಯನ್ನು ಮಾರಿದರೆ ಮಾತ್ರ ತೆರಿಗೆ ಬೀಳುತ್ತದೆ. ಆ ಅವಧಿಯು 2015ರಲ್ಲಿ ಎರಡು ವರ್ಷ, 2018ರಲ್ಲಿ ಐದು, 2021ರಲ್ಲಿ ಹತ್ತು ಆಗಿ, 2024ರ ಜುಲೈಯಲ್ಲಿ ಮತ್ತೆ ಎರಡಕ್ಕೇ ಬಂದು ನಿಂತಿತು. 2018ರಲ್ಲಿ ವಿದೇಶಿಯರು ಮನೆ ಕೊಳ್ಳದಂತೆ ಕಾನೂನು ಬಂತು. ಅದೇ ಕಾಲದಲ್ಲಿ ಹತ್ತು ವರ್ಷಗಳಲ್ಲಿ ಒಂದು ಲಕ್ಷ ಮನೆ ಕಟ್ಟುವ ಕೀವಿಬಿಲ್ಡ್ ಯೋಜನೆಯೂ ಬಂತು, ಆದರೆ 2019ರ ಸೆಪ್ಟೆಂಬರಿನಲ್ಲಿ ಗುರಿಯನ್ನೇ ಕೈಬಿಡಲಾಯಿತು. 2020ರ ಮಾರ್ಚಿನಲ್ಲಿ ಕೇಂದ್ರ ಬ್ಯಾಂಕು ತನ್ನ ಬಡ್ಡಿದರವನ್ನು ಶೇಕಡಾ 0.25ಕ್ಕೆ ಇಳಿಸಿದ್ದಂತೂ ಸನ್ನಿಧಾನಕ್ಕೆ ಮಹಾಭಿಷೇಕವಾಗಿ ಪರಿಣಮಿಸಿತು. ಎಡಪಕ್ಷವೂ ಬಲಪಕ್ಷವೂ ಪರಸ್ಪರರ ಪೂಜಾವಿಧಾನವನ್ನು ಟೀಕಿಸಿವೆಯೇ ಹೊರತು ಗುಡಿಗೆ ಬೀಗ ಹಾಕುವ ಮಾತನ್ನು ಯಾರೂ ಗಟ್ಟಿಯಾಗಿ ಆಡಿಲ್ಲ, ಏಕೆಂದರೆ ಮತದಾರರಲ್ಲಿ ಬಹಳಷ್ಟು ಜನ ಆಗಲೇ ಗರ್ಭಗುಡಿಯೊಳಗಿದ್ದಾರೆ.

ಈ ಬಿನ್ನವತ್ತಳೆಯ ಮುಖ್ಯ ಉದ್ದೇಶ ಕೃತಜ್ಞತೆ. ಜನರನ್ನು ಆಕ್ಲೆಂಡಿನಿಂದ ಹೊರಗೆ ಹಂಚಲು ಸರ್ಕಾರಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಕುಶಲ ವಲಸಿಗರಿಗೆ ಅಂಕಗಳ ಲೆಕ್ಕದಲ್ಲಿ ಕಾಯಂ ವಾಸದ ಪರವಾನಗಿ ಕೊಡುವ ವ್ಯವಸ್ಥೆಯಲ್ಲಿ, ಆಕ್ಲೆಂಡಿನ ಹೊರಗೆ ಕೆಲಸ ಹಿಡಿದವರಿಗೆ ಸಿಗುತ್ತಿದ್ದ 10 ಹೆಚ್ಚುವರಿ ಅಂಕಗಳನ್ನು 2015ರ ನವೆಂಬರ್ 1ರಿಂದ 30ಕ್ಕೆ ಏರಿಸಲಾಯಿತು. ಎಸ್ಸೆಸ್ಸೆಲ್ಸಿಯಿಂದ ಮೊದಲ್ಗೊಂಡು ಅಂಕಗಳ ಬೆನ್ನು ಹತ್ತಿಯೇ ಬೆಳೆದ ಸಮುದಾಯವೊಂದಕ್ಕೆ ಇದಕ್ಕಿಂತ ಹಿತವಾದ ಭಾಷೆ ಬೇರೊಂದಿರಲಿಲ್ಲ. 2016ರಲ್ಲಿ ದಕ್ಷಿಣ ದ್ವೀಪದ ಕ್ಲೂಥಾ ಜಿಲ್ಲೆಯ ಕೈಟಂಗಾಟಾ ಎಂಬ, ಸುಮಾರು ಎಂಟು ನೂರು ಜನರ ಊರು, ನಿವೇಶನ ಮತ್ತು ಮನೆ ಸೇರಿ 2,30,000 ಡಾಲರಿಗೆ ಕೊಡುತ್ತೇವೆ, ಬನ್ನಿ ಎಂದು ಕರೆಯಿತು. ಜಿಲ್ಲೆಯಲ್ಲಿ ಸಾವಿರದಷ್ಟು ಕೆಲಸಗಳು ಖಾಲಿ ಬಿದ್ದಿದ್ದವು. ನಿರುದ್ಯೋಗಿ ಯುವಕರು ಶೇಕಡಾ ಎರಡಲ್ಲ, ಬರೀ ಇಬ್ಬರು ಎಂದು ಮೇಯರ್ ಬ್ರಯನ್ ಕ್ಯಾಡೊಗನ್ ಹೇಳಿಕೊಳ್ಳುತ್ತಿದ್ದರು. ಈ ಸುದ್ದಿ ಸಮುದ್ರ ದಾಟುವಷ್ಟರಲ್ಲಿ, ಊರಿಗೆ ಬರುವವರಿಗೆ ಕೌನ್ಸಿಲೇ ಕೈತುಂಬ ದುಡ್ಡು ಕೊಟ್ಟು ಸಾಕುತ್ತದೆ ಎಂದಾಗಿತ್ತು. ದೇಶವಿದೇಶಗಳ ಕರೆಗಳಿಂದ ಕಚೇರಿಯ ಫೋನುಗಳು ಬಿಡುವಿಲ್ಲದೆ ಮೊಳಗಿ, ಹಾಗೇನೂ ಇಲ್ಲವೆಂದು ತಿಳಿಹೇಳುವುದೇ ಸಿಬ್ಬಂದಿಗೆ ಕೆಲಸವಾಯಿತು. 2018ರಲ್ಲಿ ಪ್ರಾಂತಗಳ ಏಳಿಗೆಗೆಂದು ಮುನ್ನೂರು ಕೋಟಿ ಡಾಲರಿನ ನಿಧಿಯೊಂದನ್ನು ತೆಗೆದಿರಿಸಲಾಯಿತು. ಉದ್ಯಮಗಳನ್ನು ರಾಜಧಾನಿಯ ಹೊರಗೆ ಹರಡಲೆಂದು ಹೊರಟ ಕರ್ನಾಟಕದ ಬಿಯಾಂಡ್ ಬೆಂಗಳೂರು ಯೋಜನೆಯೂ ಇದೇ ಜಾತಿಯದು. ಅಂಕಪಟ್ಟಿ, ಜಾಹೀರಾತು, ನಿಧಿ ಇವುಗಳೆಲ್ಲ ಸೇರಿ ಮಾಡಲಾಗದ್ದನ್ನು ಸನ್ನಿಧಾನವು ಒಂದು ಕಾಸೂ ಖರ್ಚಿಲ್ಲದೆ, ಒಂದು ಸಭೆಯನ್ನೂ ಕರೆಯದೆ ಸಾಧಿಸಿದೆ: 2021ರ ಜೂನ್‌ಗೆ ಕೊನೆಗೊಂಡ ವರ್ಷದಲ್ಲಿ ಆಕ್ಲೆಂಡಿನ ಜನಸಂಖ್ಯೆ ತುಸುವಾದರೂ ಇಳಿಯಿತು. ಗಡಿ ಮುಚ್ಚಿದ್ದ ಕೊರೊನಾಕ್ಕೂ ಇದರಲ್ಲಿ ಪಾಲಿದೆಯೆಂದು ಕೆಲವರು ವಾದಿಸಬಹುದು. ಸನ್ನಿಧಾನವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ.

ಗಡೀಪಾರಿನ ಈ ಪ್ರಕ್ರಿಯೆಗೆ ಬಾಡಿಗೆಲಾರಿಯವರ ಭಾಷೆಯಲ್ಲಿ ಸ್ಥಳಾಂತರವೆಂದೂ, ಹೊರಟವರ ಭಾಷೆಯಲ್ಲಿ ಜೀವನಶೈಲಿಯ ಆಯ್ಕೆಯೆಂದೂ ಹೆಸರಿದೆ. ಆಕ್ಲೆಂಡಿನ ದಕ್ಷಿಣದ ಎಲ್ಲೆಯಲ್ಲಿ ಬಾಂಬೆ ಹಿಲ್ಸ್ ಎಂಬ ತಗ್ಗುಗುಡ್ಡಗಳಿವೆ. 1863ರಲ್ಲಿ ವಸಾಹತುಗಾರರನ್ನು ಹೊತ್ತು ತಂದ ಬಾಂಬೆ ಎಂಬ ಹಡಗಿನಿಂದ ಆ ಹೆಸರು ಬಂದಿದೆ. ಈ ಗುಡ್ಡ ದಾಟಿದರೆ ನಿಜವಾದ ನ್ಯೂಜಿಲ್ಯಾಂಡ್ ಶುರುವಾಗುತ್ತದೆಂದು ದಕ್ಷಿಣದವರೂ, ನಾಗರಿಕತೆ ಮುಗಿಯುತ್ತದೆಂದು ಆಕ್ಲೆಂಡಿನವರೂ ನಂಬುತ್ತಾರೆ. ಗುಡ್ಡದ ಬುಡದ ಪುಕೆಕೊಹೆಯ ಕೆಂಪುಮಣ್ಣಿನಲ್ಲಿ ಈರುಳ್ಳಿ, ಆಲೂಗೆಡ್ಡೆ ಬೆಳೆದ ಭಾರತೀಯ ಮತ್ತು ಚೀನೀ ರೈತರ ವಿರುದ್ಧ 1920ರ ದಶಕದಲ್ಲಿ ವೈಟ್ ನ್ಯೂಜಿಲ್ಯಾಂಡ್ ಲೀಗ್ ಎಂಬ ಸಂಘವೇ ಹುಟ್ಟಿಕೊಂಡಿತ್ತು. ಆಗ ಏಷ್ಯಾದವರನ್ನು ದೂರವಿಡಲು ಸಂಘ ಕಟ್ಟಿ, ಸಭೆ ಸೇರಿಸಿ, ಮನವಿ ಬರೆಯಬೇಕಾಗಿತ್ತು. 2023ರ ಜನಗಣತಿಯ ಹೊತ್ತಿಗೆ ಭಾರತೀಯರ ಸಂಖ್ಯೆ ಸುಮಾರು 2,92,000ಕ್ಕೆ ಏರಿ, ಅವರು ದೇಶದ ಮೂರನೆಯ ದೊಡ್ಡ ಜನಾಂಗೀಯ ಗುಂಪಾದರು. ಈಗ ಬಿಳಿಯರನ್ನೂ ಭಾರತೀಯರನ್ನೂ ಭೇದವೆಣಿಸದೆ ಗುಡ್ಡದಾಚೆ ಕಳಿಸುವ ಸನ್ನಿಧಾನದ ಸಮದೃಷ್ಟಿ ಶ್ಲಾಘನೀಯ.

ಹೀಗೆ ರಸ್ತೆಯಲ್ಲಿಯೂ, ಉತ್ತರ ಮತ್ತು ದಕ್ಷಿಣ ದ್ವೀಪಗಳ ನಡುವಿನ ಕುಕ್ ಜಲಸಂಧಿಯ ಹಡಗಿನಲ್ಲಿಯೂ ಸುಮಾರು 1,600 ಕಿಲೋಮೀಟರು ದೂರ ಸಾಗಿ ಇನ್ವರ್‌ಕಾರ್ಗಿಲ್ ತಲುಪಿದವರ ವೃತ್ತಾಂತದಲ್ಲಿ ಶಾಸ್ತ್ರಜ್ಞರು ಗಮನಿಸತಕ್ಕ ಸಂಗತಿಯೊಂದಿದೆ. ಅರಸೀಕೆರೆಯಂಥ ತಾಲ್ಲೂಕು ಕೇಂದ್ರದಲ್ಲಿ ಹುಟ್ಟಿ, ಇಲ್ಲಿ ಭವಿಷ್ಯವಿಲ್ಲವೆಂದು ಬೆಂಗಳೂರು ಸೇರಿ, ಅಲ್ಲಿ ಟ್ರಾಫಿಕ್ಕು ಹೆಚ್ಚೆಂದು ಆಕ್ಲೆಂಡಿಗೆ ಹಾರಿದ ವ್ಯಕ್ತಿಯು, ಕೊನೆಗೆ ದಕ್ಷಿಣ ಅಕ್ಷಾಂಶ 46 ಡಿಗ್ರಿಯಲ್ಲಿ, ಸರಿಸುಮಾರು ಅರಸೀಕೆರೆಯಷ್ಟೇ ಜನರಿರುವ ಊರಿನಲ್ಲಿ, ಹತ್ತು ನಿಮಿಷದಲ್ಲಿ ಕಚೇರಿ ತಲುಪಿ, ಆಹಾ ಎಂಥ ನೆಮ್ಮದಿ ಎನ್ನುತ್ತಾನೆ. ಈ ಹಾದಿಯನ್ನು ಸ್ವತಃ ಆಕ್ಲೆಂಡ್ ಸೀಮೆಯ ಒಬ್ಬ ಮೇಯರೇ ತುಳಿದು ತೋರಿಸಿದ್ದಾರೆ: ಆಕ್ಲೆಂಡ್ ಪಶ್ಚಿಮದ ವೈಟೆಮಟಾ ನಗರಕ್ಕೆ 1983ರಿಂದ 1989ರವರೆಗೆ ಮೇಯರಾಗಿದ್ದ ಟಿಮ್ ಶ್ಯಾಡ್‌ಬೋಲ್ಟ್ 1993ರಲ್ಲಿ ಇನ್ವರ್‌ಕಾರ್ಗಿಲ್‌ನಲ್ಲಿ ಗೆದ್ದು, ನಡುವೆ ಒಮ್ಮೆ ಸೋತು, 1998ರಿಂದ 2022ರವರೆಗೆ ಆ ಗದ್ದುಗೆಯಲ್ಲೇ ಕುಳಿತರು. ಅವರ ಕಾಲದಲ್ಲಿ, 2001ರಿಂದ, ಊರಿನ ಸದರ್ನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯು ದೇಶದ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದ ಓದನ್ನು ಕೊಟ್ಟು, ಖಾಲಿಯಾಗುತ್ತಿದ್ದ ಊರಿಗೆ ಜನರನ್ನು ಸೆಳೆಯಿತು.

ಚಳಿಯ ವಿಷಯದಲ್ಲಿ ಸನ್ನಿಧಾನವು ಮರುಗಬಾರದು. 1978ಕ್ಕೆ ಮುಂಚಿನ ಮನೆಗಳ ಗೋಡೆಯೊಳಗೆ ಉಷ್ಣನಿರೋಧಕ ಇರಲೇಬೇಕೆಂಬ ಕಟ್ಟಳೆಯೇ ಇರಲಿಲ್ಲವಾದ್ದರಿಂದ, ಅಗ್ಗದ ಊರಿನ ಅಗ್ಗದ ಮನೆಯಲ್ಲಿ ಜುಲೈ ತಿಂಗಳ ಬೆಳಿಗ್ಗೆ ಕಿಟಕಿಗಾಜಿನ ಒಳಮೈಯಿಂದ ನೀರಿಳಿದು ಪರದೆಯ ಅಂಚು ತೋಯ್ದಿರುತ್ತದೆ, ಕೊಬ್ಬರಿ ಎಣ್ಣೆಯ ಬಾಟಲಿ ಕಲ್ಲಾಗಿರುತ್ತದೆ. ಬಾಡಿಗೆಮನೆಯ ಮುಖ್ಯ ಕೋಣೆಯನ್ನು 18 ಡಿಗ್ರಿಗಾದರೂ ಬಿಸಿಮಾಡುವ ಹೀಟರ್ ಇರಬೇಕೆಂಬ ಕಾನೂನು ಈಚೆಗೆ ಬಂದಿದೆ. ಕರೆಂಟಿನ ಬಿಲ್ಲು ಯಾರು ಕಟ್ಟಬೇಕೆಂಬುದರ ಬಗ್ಗೆ ಕಾನೂನಿಗೆ ಗೊಂದಲವಿಲ್ಲ. ದೋಸೆಹಿಟ್ಟು ಹುದುಗುವ ಸಮಸ್ಯೆಯನ್ನು ಗೃಹಿಣಿಯರು ಹಾಟ್ ವಾಟರ್ ಕಬರ್ಡ್‌ನಲ್ಲಿ ಪರಿಹರಿಸಿಕೊಂಡಿದ್ದಾರೆ. ಬಿಸಿನೀರಿನ ದೊಡ್ಡ ಸಿಲಿಂಡರನ್ನು ಕೂರಿಸಿ, ಮೇಲಿನ ಹಲಗೆಗಳಲ್ಲಿ ಟವೆಲು, ದುಪ್ಪಟಿಗಳನ್ನು ಬೆಚ್ಚಗಿಡುವ ಆ ಗೋಡೆಗಪಾಟಿನಲ್ಲಿ ಸ್ಟೀಲು ಪಾತ್ರೆಯನ್ನು ರಾತ್ರಿ ಇಟ್ಟರೆ ಹಿಟ್ಟು ಎಷ್ಟು ಉತ್ಸಾಹದಿಂದ ಹುದುಗುತ್ತದೆಂದರೆ, ಬೆಳಿಗ್ಗೆ ದುಪ್ಪಟಿಗಳಿಗೂ ಉದ್ದಿನ ಘಮ ಹತ್ತಿರುತ್ತದೆ. ಇನ್ವರ್‌ಕಾರ್ಗಿಲ್‌ನಲ್ಲಿ ಡಿಸೆಂಬರಿನ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆ ದಾಟಿದ ಮೇಲಾದ್ದರಿಂದ ದೇವರ ಮುಂದೆ ಸಂಜೆದೀಪ ಹಚ್ಚುವವರು ಮಕ್ಕಳನ್ನು ಮಲಗಿಸಿ ಬಂದು ಹಚ್ಚುತ್ತಾರೆ. ಗೃಹಪ್ರವೇಶಕ್ಕೆ ಆಕ್ಲೆಂಡಿನಲ್ಲಿ ಹಸುವಿನ ಬೆಳ್ಳಿಯ ಬೊಂಬೆಯೇ ಗತಿಯಾಗಿದ್ದರೆ, ಇನ್ವರ್‌ಕಾರ್ಗಿಲ್ ಸುತ್ತಲಿನ ಹೈನುಗಾರಿಕೆಯ ಸೀಮೆಯಾದ ಸೌತ್‌ಲ್ಯಾಂಡಿನಲ್ಲಿ ಬೇಲಿಯಾಚೆ ನಿಜವಾದ ಹಸುಗಳು ನೂರುಗಟ್ಟಲೆ ನಿಂತಿವೆ. ಸಿಗದಿರುವವರು ಪುರೋಹಿತರು ಮಾತ್ರ.

ಹಸುಗಳ ಮಾತು ಬಂದದ್ದರಿಂದ ಇದನ್ನೂ ಹೇಳಬೇಕಾಗುತ್ತದೆ. ಹಸುಗಳು ತಮ್ಮವು, ಹೊಲ ಇನ್ನೊಬ್ಬರದು, ಹಾಲಿನ ಹಣದಲ್ಲಿ ಪಾಲು ಎಂಬ ಕರಾರಿನಲ್ಲಿ ದುಡಿಯುವವರಿಗೆ ಆ ದೇಶದಲ್ಲಿ ಶೇರ್‌ಮಿಲ್ಕರ್ ಎನ್ನುತ್ತಾರೆ. ಕರಾರು ಮುಗಿದ ಇಂಥ ಕುಟುಂಬಗಳು ಪ್ರತಿ ವರ್ಷ ಜೂನ್ 1ರ ಆಸುಪಾಸಿನಲ್ಲಿ ಮಕ್ಕಳುಮರಿ, ದನಗಳ ಸಮೇತ ಹೊಸ ಹೊಲಕ್ಕೆ ಸಾಗುತ್ತವೆ. ನಗರದ ಬಾಡಿಗೆದಾರರೂ ಹೀಗೆಯೇ ಸಾಗುತ್ತಾರಾದರೂ, ಅವರ ಹಿಂದೆ ಹಾಲು ಕರೆಯುವಂಥದ್ದು ಏನೂ ಇರುವುದಿಲ್ಲ.

ಸಣ್ಣ ಊರಿನಲ್ಲಿ ಕೆಲಸ ಹೋದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಕಂಪನಿ ಇರುವುದಿಲ್ಲ. ಇನ್ವರ್‌ಕಾರ್ಗಿಲ್ ಬಳಿಯ ಟಿವಾಯ್ ಪಾಯಿಂಟಿನ ಅಲ್ಯೂಮಿನಿಯಂ ಕಾರ್ಖಾನೆಯನ್ನು ಮುಚ್ಚುವುದಾಗಿ ರಿಯೊ ಟಿಂಟೊ ಕಂಪನಿ 2020ರ ಜುಲೈಯಲ್ಲಿ ಘೋಷಿಸಿದಾಗ ಊರಿಗೆ ಊರೇ ಉಸಿರು ಬಿಗಿಹಿಡಿಯಿತು; ಕಂಪನಿಯು ಗಡುವನ್ನು ಒಮ್ಮೆ ಮುಂದೂಡಿ, 2024ರ ಮೇ ತಿಂಗಳಲ್ಲಿ ವಿದ್ಯುತ್ ಕಂಪನಿಗಳೊಡನೆ ಇಪ್ಪತ್ತು ವರ್ಷಗಳ ಒಪ್ಪಂದ ಮಾಡಿಕೊಂಡ ಮೇಲೆ ಊರು ಹಿಡಿದ ಉಸಿರನ್ನು ಬಿಟ್ಟಿತು. ಕೆಲಸ ಉಳಿದವರಿಗೂ, ಸಣ್ಣ ಊರಿನಲ್ಲಿ ಉಳಿಸಿದ ಬಾಡಿಗೆ ಹಣದಲ್ಲಿ ಬಹುಪಾಲು, ಬೆಂಗಳೂರಿಗೆ ಹೋಗುವ ಮುನ್ನ ಆಕ್ಲೆಂಡಿಗೋ ಕ್ರೈಸ್ಟ್‌ಚರ್ಚಿಗೋ ಹಾರುವ ವಿಮಾನದ ಟಿಕೆಟ್ಟಿಗೆ ಸಂದಾಯವಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಈ ಕುಟುಂಬಗಳಿಗೆ ಸನ್ನಿಧಾನದಲ್ಲಿ ಒಂದೇ ಒಂದು ಅರಿಕೆಯಿದೆ. 2016ರ ಸುಮಾರಿಗೆ ಎರಡು ಲಕ್ಷ ಡಾಲರು ಚಿಲ್ಲರೆಯಲ್ಲಿದ್ದ ಇನ್ವರ್‌ಕಾರ್ಗಿಲ್‌ನ ಮಧ್ಯಾಂಕ ಬೆಲೆಯು ಐದೇ ವರ್ಷಗಳಲ್ಲಿ ನಾಲ್ಕು ಲಕ್ಷವನ್ನು ದಾಟಿತು. ಉತ್ತರ ದ್ವೀಪದ ವಾಂಗನೂಯಿ ಊರಿನಲ್ಲೂ ಅದೇ ಕಥೆ. ಆಕ್ಲೆಂಡಿನ ಪುಟ್ಟ ಮನೆಯನ್ನು ಮಾರಿ ಬಂದವರು ಇಲ್ಲಿಯ ದೊಡ್ಡ ಮನೆಯ ಬೆಲೆ ಕೇಳಿ, ಇಷ್ಟೇನಾ ಎಂದು ಉದ್ಗರಿಸಿದ್ದೇ ತಡ, ಅದು ಮರುವಾರ ಅಷ್ಟಕ್ಕೆ ನಿಲ್ಲುವುದಿಲ್ಲ. ಮೊದಲು ಬಂದ ಕನ್ನಡಿಗರು ಮೂರು ಲಕ್ಷಕ್ಕೆ ಕೊಂಡದ್ದನ್ನು ಹಬ್ಬದೂಟದಲ್ಲಿ ಹೇಳಿಕೊಂಡು ಬೀಗುತ್ತಾರೆ, ಎರಡನೆಯ ಬ್ಯಾಚಿನವರು ನಾಲ್ಕೂವರೆ ಕೊಟ್ಟದ್ದನ್ನು ಹೇಳದೆ ಪಾಯಸ ಬಡಿಸಿಕೊಳ್ಳುತ್ತಾರೆ, ಇದೇ ಊರಿನಲ್ಲಿ ಹುಟ್ಟಿದ ಹುಡುಗನೊಬ್ಬ ಬೇಲಿಯಾಚೆಯಿಂದ ಇಬ್ಬರನ್ನೂ ಒಂದೇ ರೀತಿ ನೋಡುತ್ತಾನೆ. ಅವನಿಗೆ ಇನ್ನೂ ಸಣ್ಣ ಊರೆಂದರೆ ಕೈಟಂಗಾಟಾ. ಅದೂ ದುಬಾರಿಯೆನಿಸಿದರೆ ಮುಂದೆ ಟಾಸ್ಮನ್ ಸಮುದ್ರ, ಅದರಾಚೆ ಆಸ್ಟ್ರೇಲಿಯಾ. 2024ರಲ್ಲಿ ದೇಶ ಬಿಟ್ಟ ನ್ಯೂಜಿಲ್ಯಾಂಡ್ ಪೌರರಿಂದ, ಮರಳಿ ಬಂದವರನ್ನು ಕಳೆದ ಮೇಲೂ, ದೇಶಕ್ಕಾದ ನಷ್ಟ ನಲವತ್ತು ಸಾವಿರಕ್ಕಿಂತ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸೇರುವುದು ಆಸ್ಟ್ರೇಲಿಯಾವನ್ನು. 2023ರ ಜುಲೈಯಿಂದ ಆ ದೇಶವು, ನಾಲ್ಕು ವರ್ಷ ನೆಲೆಸಿದ ನ್ಯೂಜಿಲ್ಯಾಂಡಿನವರು ನೇರವಾಗಿ ಪೌರತ್ವಕ್ಕೆ ಅರ್ಜಿ ಹಾಕಬಹುದೆಂದು ಬಾಗಿಲನ್ನೂ ತೆರೆದಿಟ್ಟಿದೆ.

ಆದಕಾರಣ ಸನ್ನಿಧಾನವು ತನ್ನ ಭಕ್ತರನ್ನು ಹಿಂಬಾಲಿಸಿಕೊಂಡು ದಕ್ಷಿಣಕ್ಕೆ ದಯಮಾಡಿಸಬಾರದೆಂದೂ, ಹಾಗೊಂದು ವೇಳೆ ಈಗಾಗಲೇ ಹೊರಟಿದ್ದಲ್ಲಿ ಕುಕ್ ಜಲಸಂಧಿಯ ಹಡಗಿನ ರದ್ದತಿಯೊಂದರ ನೆಪದಲ್ಲಾದರೂ ವೆಲಿಂಗ್ಟನ್ನಿನಲ್ಲಿಯೇ ಬೀಡುಬಿಟ್ಟು, ಅಲ್ಲಿಯ ಮಂತ್ರಿಮಹೋದಯರ ನಿಕಟ ಸಾನ್ನಿಧ್ಯದಲ್ಲಿ ಕೆಲಕಾಲ ವಿಶ್ರಮಿಸಬೇಕೆಂದೂ ಕೋರಲಾಗಿದೆ.

ಇಂತಿ,
ಬಾಂಬೆ ಗುಡ್ಡದಾಚೆಯ ಕನ್ನಡ ಕುಟುಂಬಗಳು

ಪ್ರತಿ: ಮೆಲ್ಬರ್ನ್ ಮತ್ತು ಬ್ರಿಸ್ಬೇನ್ ನಗರಗಳ ಮಧ್ಯಾಂಕ ಬೆಲೆಗಳ ಸನ್ನಿಧಾನಕ್ಕೆ, ಮಾಹಿತಿಗಾಗಿ ಹಾಗೂ ಸೂಕ್ತ ಕ್ರಮಕ್ಕಾಗಿ.