ಗಾಡಿಗೊಂದು ತಟ್ಟೆ ಇಡ್ಲಿ

ಎಲ್ಲರೂ ಒಟ್ಟಿಗೆ ಹೋಗಬಹುದು ಎಂಬ ಒಂದೇ ಮಾತಿಗೆ ಕಟ್ಟುಬಿದ್ದು, 2021ರಲ್ಲಿ ಏಳು ಸೀಟಿನ ಡೀಸೆಲ್ ಎಸ್‌ಯುವಿ ತಂದೆವು. ಅಪ್ಪ, ಅಮ್ಮ, ಅತ್ತೆ, ಇಬ್ಬರು ಮಕ್ಕಳು, ನಾವಿಬ್ಬರು. ಲೆಕ್ಕ ಕರಾರುವಾಕ್ಕಾಗಿತ್ತು. ಲೆಕ್ಕಕ್ಕೆ ಸೇರದೆ ಉಳಿದದ್ದು ಮೊಣಕಾಲು. ಮೂರನೇ ಸಾಲು ತಲುಪಬೇಕಾದರೆ ನಡುವಿನ ಸೀಟು ಮಡಚಿ, ಗವಿಗಂಗಾಧರೇಶ್ವರನಿಗೆ ಪ್ರದಕ್ಷಿಣೆ ಹಾಕುವವರ ಹಾಗೆ ಬೆನ್ನು ಬಗ್ಗಿಸಿ ನುಗ್ಗಬೇಕು. ಅತ್ತೆ ಒಂದು ಸಲ ಇಣುಕಿ ನೋಡಿ, "ನೀವು ಹೋಗಿಬನ್ನಿ, ಮನೇಲಿ ದೀಪ ಹಚ್ಚೋಕೆ ಯಾರಾದ್ರೂ ಬೇಕಲ್ಲ" ಅಂದರು. ಅಪ್ಪನಿಗೆ ಅಂದಿನಿಂದ ಪ್ರವಾಸಗಳ ಮೇಲೇ ವೈರಾಗ್ಯ. ಮಕ್ಕಳನ್ನು ಹಿಂದೆ ಕೂರಿಸಿದರೆ ವಾಂತಿ. ಕೊನೆಗೆ ಅಲ್ಲಿ ಖಾಯಂ ಆಗಿ ಕೂತದ್ದು ಒಂದು ಛತ್ರಿ ಮತ್ತು ಮೈಸೂರಿನ ನಾದಿನಿಗೆ ಹಿಂದಿರುಗಿಸಬೇಕಿದ್ದ ಒಂದು ಸ್ಟೀಲ್ ಡಬ್ಬಿ.

ಎಸ್‌ಯುವಿ ಎಂದರೇನೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಜಿಎಸ್‌ಟಿ ಮಂಡಳಿಗೆ ಗೊತ್ತಿತ್ತು. ಉದ್ದ 4 ಮೀಟರ್ ದಾಟಿರಬೇಕು, ಎಂಜಿನ್ 1500 ಸಿಸಿ ಮೀರಿರಬೇಕು, ಹೊಟ್ಟೆಗೂ ನೆಲಕ್ಕೂ ನಡುವೆ ಕನಿಷ್ಠ 170 ಮಿ.ಮೀ. ಇರಬೇಕು. ಇಷ್ಟು ಲಕ್ಷಣ ಕೂಡಿಬಂದರೆ ಆಗ 28 ಪರ್ಸೆಂಟ್ ತೆರಿಗೆ, ಅದರ ಜೊತೆಗೆ 22 ಪರ್ಸೆಂಟ್ ಸೆಸ್. ಆ ಸೆಸ್ಸಿನ ಹೆಸರು ಪರಿಹಾರ ಸೆಸ್. ಪರಿಹಾರ ರಾಜ್ಯಗಳಿಗೆ, ನನಗಲ್ಲ. ರಾಜ್ಯವೂ ಸುಮ್ಮನಿರಲಿಲ್ಲ, ಬೆಲೆ 20 ಲಕ್ಷ ದಾಟಿದೆಯೆಂದು 18 ಪರ್ಸೆಂಟ್ ಜೀವಾವಧಿ ತೆರಿಗೆ ಹಾಕಿತು. ಜೀವಾವಧಿ ಎಂಬ ಮಾತನ್ನು ನಮ್ಮ ಸರ್ಕಾರ ಇನ್ನೊಂದು ಕಡೆ ಬಳಸುತ್ತದೆ. ಅಲ್ಲಿ ಊಟವಾದರೂ ಅದರದ್ದೇ.

ಆ 170 ಮಿ.ಮೀ. ಅನ್ನು ಗಾಡಿ ಖಾಲಿ ಇದ್ದಾಗಲೇ ಅಳೆಯಬೇಕು ಎಂದು 2023ರ ಜುಲೈಯಲ್ಲಿ ಮಂಡಳಿ ಸ್ಪಷ್ಟಪಡಿಸಿತು. ನನ್ನದೇನೂ ತಕರಾರಿಲ್ಲ. ನಮ್ಮದು ಯಾವಾಗಲೂ ಖಾಲಿಯೇ.

ಏಳು ಸೀಟಿನಲ್ಲಿ ನಾನೊಬ್ಬನೇ ಕೂತು ದಿನಾ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗುತ್ತಿದ್ದೆ. ಏಳನೇ ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಡೀಸೆಲ್ ಗಾಡಿ ತನ್ನ ಮಸಿಯನ್ನು ಊರಿಗೆ ಊದುವ ಹಾಗಿಲ್ಲ. ಡಿಪಿಎಫ್ ಎಂಬ ಜರಡಿಯಲ್ಲಿ ಹಿಡಿದಿಟ್ಟು, ಆಗಾಗ ಸುಟ್ಟು ಬೂದಿ ಮಾಡಬೇಕು. ಸುಡಲು ಸುಮಾರು 600 ಡಿಗ್ರಿ ಶಾಖ ಬೇಕು. ಆ ಶಾಖ ಏರಲು ಗಾಡಿ ಎಲ್ಲೂ ನಿಲ್ಲದೆ, ಅರವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದ ವೇಗದಲ್ಲಿ ಇಪ್ಪತ್ತು ನಿಮಿಷವಾದರೂ ಓಡಬೇಕು. ಸಿಲ್ಕ್ ಬೋರ್ಡಿನಲ್ಲಿ ಆ ವೇಗ ಇರುವುದು ಬೈಕಿನವರ ಬೈಗುಳಕ್ಕೆ ಮಾತ್ರ.

ಬಿಡಿಸಿ ಹೇಳಬೇಕೆಂದರೆ, ಗಾಡಿಗೆ ಮಲಬದ್ಧತೆ. ಅಪ್ಪನಿಗೂ ಅದೇ ಕಾಟ. ಅವರು ಇಸಬ್‌ಗೋಲ್‌ನಲ್ಲಿ ಸುಧಾರಿಸಿಕೊಳ್ಳುತ್ತಾರೆ. ಇದಕ್ಕೆ ರಾಷ್ಟ್ರೀಯ ಹೆದ್ದಾರಿಯೇ ಆಗಬೇಕು.

ಹೀಗೆ ಭಾನುವಾರ ಬೆಳಿಗ್ಗೆ ಗಾಡಿಯನ್ನು ತುಮಕೂರು ರಸ್ತೆಗೆ ಕರೆದೊಯ್ಯುವ ಪದ್ಧತಿ ಶುರುವಾಯಿತು. ನೆಂಟರ ಎದುರು ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಹೋಗುತ್ತೇವೆ ಎನ್ನುತ್ತಿದ್ದೆವು. ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಕೊಂಡರೆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹಾಗೆ ಪದೇಪದೇ ನಿಂತರೆ, ಸುಡಲೆಂದು ಚಿಮ್ಮಿಸಿದ ಡೀಸೆಲ್ ಇಳಿದು ಎಂಜಿನ್ ಆಯಿಲ್‌ಗೆ ಬೆರೆಯುತ್ತದೆ. ಆದ್ದರಿಂದ ಹೆಂಡತಿ ಪಕ್ಕದಲ್ಲಿ ಕೂತು ದೀಪವನ್ನೇ ನೋಡುತ್ತಿದ್ದಳು. "ಆಯ್ತಾ?" "ಇನ್ನೂ ಇಲ್ಲ." "ಇನ್ನೊಂದ್ಸ್ವಲ್ಪ ಓಡಿಸ್ರಿ, ಅರ್ಧಕ್ಕೆ ಎಬ್ಬಿಸಿದ್ರೆ ರಾತ್ರಿಯೆಲ್ಲ ಹಟ." ಇಬ್ಬರು ಮಕ್ಕಳನ್ನು ಸಾಕಿದ ಅನುಭವ. ಒಂದು ಸಲ ಕ್ಯಾತ್ಸಂದ್ರ ಬಂದರೂ ದೀಪ ಆರದೆ, ಇಡ್ಲಿ ಅಂಗಡಿಯನ್ನು ಕಣ್ಣಲ್ಲೇ ತಿಂದು ಶಿರಾವರೆಗೆ ಹೋಗಿದ್ದೇವೆ.

ಮಳೆಗಾಲದಲ್ಲಿ ಎರಡು ಭಾನುವಾರ ತಪ್ಪಿತು, ದೀಪ ಕೆಂಪಾಯಿತು. ಕಂಪನಿ ಸರ್ವೀಸಿನ ಹುಡುಗ ಕಂಪ್ಯೂಟರ್ ಚುಚ್ಚಿ ನೋಡಿ, "ಸಾರ್, ಗಾಡೀದೇನೂ ಪ್ರಾಬ್ಲಂ ಇಲ್ಲ, ನೀವು ಓಡಿಸೋ ರೀತೀಲಿ ಪ್ರಾಬ್ಲಂ" ಎಂದ. ಬಿಲ್ ಮಾತ್ರ ಗಾಡಿಯ ಹೆಸರಿಗೇ ಬಂತು. ಜೆ.ಸಿ. ರಸ್ತೆ ಕಡೆಯ ಮೆಕ್ಯಾನಿಕ್ ಒಬ್ಬ ಇನ್ನೂ ಸರಳ ಮನುಷ್ಯ. "ಆ ಡಬ್ಬಾನೇ ಕಿತ್ತು ಬರೀ ಪೈಪ್ ಇಟ್ರೆ ಮುಗೀತು ಸಾರ್." ಅದು ಅಪರಾಧವಲ್ಲವೇನಪ್ಪಾ ಅಂದೆ. "ಎಮಿಷನ್ ಟೆಸ್ಟ್ ನಂಗೆ ಬಿಡಿ" ಅಂದ. ಹಿಂದಿನ ರಾತ್ರಿಯಷ್ಟೇ ಮಗಳ ಶಾಲೆಗೆ ಪರಿಸರ ದಿನದ ಭಾಷಣ ಬರೆದುಕೊಟ್ಟಿದ್ದೆ. ಅದಿಲ್ಲದಿದ್ದರೆ ಏನು ಮಾಡುತ್ತಿದ್ದೆನೋ, ಹೇಳಲಾರೆ.

ಮಾರಿಬಿಡೋಣ ಎಂದು ನಾನು ಹಿಡಿದ ಮುಹೂರ್ತ 2025ರ ಸೆಪ್ಟೆಂಬರ್ ಕೊನೆ. ಅದೇ 22ರಿಂದ ಸೆಸ್ ಕಿತ್ತುಹಾಕಿ ಒಟ್ಟು ತೆರಿಗೆಯನ್ನು 40 ಪರ್ಸೆಂಟಿಗೆ ಇಳಿಸಿದ್ದರು. ನನ್ನ ಗಾಡಿ ನೋಡಲು ಬಂದವರೆಲ್ಲ ಹೊಸ ಗಾಡಿಯ ಬೆಲೆಪಟ್ಟಿ ಹಿಡಿದೇ ಬಂದರು.

ಶೋರೂಮಿನಲ್ಲಿ ಹುಡುಗ ಕೇಳಿದ, "ಮನೇಲಿ ಎಷ್ಟು ಜನ ಸಾರ್?" ಏಳು ಅಂದೆ. ನಡುವೆ ಎರಡು ಕ್ಯಾಪ್ಟನ್ ಸೀಟಿನ ಪೆಟ್ರೋಲ್ ಹೈಬ್ರಿಡ್ ತೋರಿಸಿದ. ಹಳೆಯದಕ್ಕಿಂತ ಒಂದು ಮೊಳ ಉದ್ದ, ಸೀಟು ಆರು. ಏಳನೆಯವರು ಎಲ್ಲಿ ಕೂರಬೇಕಪ್ಪಾ ಅಂದೆ. "ಅಜ್ಜಿ ಹೆಂಗೂ ಬರಲ್ವಲ್ಲ ಸಾರ್." ನಮ್ಮ ಮನೆಗೆ ಅವನು ಯಾವತ್ತೂ ಬಂದವನಲ್ಲ. ಬುಕ್ ಮಾಡಿದೆ.

ಹಳೆಯದನ್ನು ಕೊಂಡವರು ಕೊಪ್ಪದ ಕಡೆಯ ಅಡಿಕೆ ಬೆಳೆಗಾರರು. ಒಯ್ಯಲು ಮನೆಮಂದಿಯೆಲ್ಲ ಬಸ್ಸಿನಲ್ಲಿ ಬಂದಿದ್ದರು. ನಾನು ಹಳದಿ ದೀಪದ ಬಗ್ಗೆ ಪಾಪಭೀತಿಯಿಂದ ವಿವರಿಸುತ್ತಿರುವಾಗಲೇ ಅವರ ತಾಯಿ ಸೆರಗು ಸಿಕ್ಕಿಸಿ ಮೂರನೇ ಸಾಲಿಗೆ ನುಗ್ಗಿ, ನನ್ನ ಛತ್ರಿ ಮತ್ತು ಡಬ್ಬಿಯನ್ನು ಕೈಯಿಂದ ಕೈಗೆ ಹೊರಗೆ ದಾಟಿಸಿದರು.

ಮೂರು ತಿಂಗಳ ಮೇಲೆ ಅವರದೊಂದು ಫೋನ್. ವಾರಕ್ಕೆರಡು ಸಲ ಶಿವಮೊಗ್ಗದ ಅಡಿಕೆ ಮಂಡಿಗೆ ಹೋಗಿಬರುತ್ತಾರಂತೆ. "ಎಂತ ಸಾರ್, ಹಳದಿ ದೀಪ ಬರ್ತದೆ ಅಂದಿದ್ರಲ್ಲ, ಅದು ಎಲ್ಲಿ ಬರೋದು ಮಾರಾಯ್ರೆ?"

ನಾನಾಗ ಸಿಲ್ಕ್ ಬೋರ್ಡಿನಲ್ಲಿದ್ದೆ. ಹಿಂದಿನ ಸಾಲಿನಲ್ಲಿ ಛತ್ರಿ, ಪಕ್ಕದಲ್ಲಿ ಡಬ್ಬಿ.