ಹೋಳಿಗೆಗೆ ಬ್ರೆಜಿಲ್: ಶರಾವತಿ ಕೊಳ್ಳದ ಹಬ್ಬದೂಟದಲ್ಲಿ ದ್ರಾಕ್ಷಾರಸಕ್ಕಿರುವ ಜಾಗ

ಬ್ರೆಜಿಲ್ ದೇಶದ ವೈನನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಬ್ಬದೂಟದಲ್ಲಿ ಯಾವ ಪದಾರ್ಥದ ಜೊತೆ, ಎಲೆಯ ಯಾವ ಬದಿಗೆ, ಯಾವ ಹೊತ್ತಿಗೆ ಬಡಿಸಬೇಕು ಎಂಬ ಪ್ರಶ್ನೆಯನ್ನು ವಿದ್ವಾಂಸರು ಇದುವರೆಗೆ ಕೈಗೆತ್ತಿಕೊಂಡಿಲ್ಲ. ಯಾರಿಗೂ ಬೇಕಿರಲಿಲ್ಲ ಎಂಬುದು ಕಾರಣವಿರಬಹುದು. ಆದರೆ ಯಾರಿಗೂ ಬೇಡದ ಪ್ರಶ್ನೆ ಎತ್ತಿ ಡಾಕ್ಟರೇಟ್ ಪಡೆದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಆ ಪರಂಪರೆಯ ಆಶೀರ್ವಾದ ಈ ಪ್ರಬಂಧಕ್ಕಿದೆ.

ಅಧ್ಯಯನ ವಿಧಾನದ ಬಗ್ಗೆ ಎರಡು ಮಾತು. ಹಿನ್ನೀರಿನ ದಂಡೆಯ ಮನೆಯಲ್ಲಿ, ಚೌತಿಯ ದಿನ, ಮಡಿಯುಟ್ಟವರ ಪಂಕ್ತಿಯ ನಡುವೆ ಕುಳಿತು ಶೀಷೆಯ ಬಿರಡೆ ಎಳೆಯುವ ಧೈರ್ಯ ಪ್ರಬಂಧಕಾರನಿಗಿಲ್ಲ. ಬಿರಡೆ ‘ಠಪ್’ ಎಂದ ಮೇಲೆ ಏನಾಗುತ್ತದೆ ಎಂದು ತಿಳಿಯಲು ಸಂಶೋಧನೆಯೂ ಬೇಕಿಲ್ಲ. ಆದ್ದರಿಂದ ವೈನಿನ ಒಂದು ಹನಿಯೂ ಗಂಟಲಿಗಿಳಿಯದಂತೆ ಎಚ್ಚರ ವಹಿಸಿ ಈ ಅಧ್ಯಯನ ನಡೆಸಲಾಗಿದೆ. ಊಟಕ್ಕೆ ಪ್ರತ್ಯಕ್ಷ ಪ್ರಮಾಣ, ವೈನಿಗೆ ಶಬ್ದ ಪ್ರಮಾಣ. ಊಟದ ಭಾಗದಲ್ಲಿ ಪುರಾವೆ ಸಾಲದೆಂದು ಅನ್ನಿಸಿದಾಗಲೆಲ್ಲ ಇನ್ನೊಮ್ಮೆ ಬಡಿಸಿಕೊಂಡು ಪರಿಶೀಲಿಸಲಾಗಿದೆ.

ಪೂರ್ವಪಕ್ಷ ಹೀಗಿದೆ. ಬ್ರೆಜಿಲ್ ಎಂದರೆ ಕಾಫಿ ಮತ್ತು ಫುಟ್‌ಬಾಲ್ ಎಂದಷ್ಟೇ ತಿಳಿದವರು ಅದರ ದಕ್ಷಿಣ ತುದಿಯ ರಿಯೋ ಗ್ರಾಂಡೆ ಡೊ ಸುಲ್ ರಾಜ್ಯದ ಕಡೆ ನೋಡಬೇಕು. 1875ರಿಂದ ಇಟಲಿಯಿಂದ ಗುಳೆ ಬಂದ ರೈತರು ಅಲ್ಲಿನ ಗುಡ್ಡಗಳಲ್ಲಿ ದ್ರಾಕ್ಷಿ ಚಪ್ಪರ ಹಾಕಿದರು. ಬೆಂಟೊ ಗೊನ್ಸಾಲ್ವಿಸ್ ಬಳಿಯ ‘ವಾಲೆ ಡೊಸ್ ವಿನೆಡೊಸ್’ ಕಣಿವೆಯ ವೈನಿಗೆ 2002ರಲ್ಲಿ ಆ ದೇಶದ ಮೊದಲ ಭೌಗೋಳಿಕ ಸೂಚಕ ಸಿಕ್ಕಿತು. ಹತ್ತಿರದ ಗರಿಬಾಲ್ಡಿಯಲ್ಲಿ 1913ರಿಂದಲೇ ನೊರೆಯುಕ್ಕುವ ವೈನು ತಯಾರಾಗುತ್ತಿದೆ. ಅವರಿಗೆ ಕ್ರಿಸ್‌ಮಸ್ ಬರುವುದು ಬೇಸಿಗೆಯಲ್ಲಿ, ಹಾಗಾಗಿ ಹಬ್ಬಕ್ಕೆ ತಣ್ಣಗಿನ ನೊರೆ ವೈನೇ ಬೇಕು. ಹಾಲಿನಲ್ಲಿ ನೆನೆಸಿ, ಮೊಟ್ಟೆಯಲ್ಲಿ ಅದ್ದಿ ಕರಿದು, ಸಕ್ಕರೆ-ದಾಲ್ಚಿನ್ನಿ ಉದುರಿಸಿದ ರಬನಾಡಾ ಎಂಬ ಬ್ರೆಡ್ಡಿಗೆ ಸಿಹಿಯಾದ ಮೊಸ್ಕಟೆಲ್ ವೈನು ಜೋಡಿ. ಕರಿದ ಸಿಹಿಗೆ ಮೊಸ್ಕಟೆಲ್ ಒಗ್ಗುವುದಾದರೆ ನಮ್ಮ ಅತ್ರಾಸಕ್ಕೆ, ಸುಟ್ಟೇವಿಗೆ ಯಾಕೆ ಒಗ್ಗಬಾರದು ಎಂದು ಪೂರ್ವಪಕ್ಷಿ ಕೇಳುತ್ತಾನೆ.

ಕೇಳಲು ಚೆಂದವೇ. ಆದರೆ ಬ್ರೆಜಿಲ್‌ನ ಸಾಮಾನ್ಯ ಜನ ಊಟದ ಜೊತೆ ಕುಡಿಯುವ ಅಗ್ಗದ ವೈನು ಬಹುಪಾಲು ಇಸಬೆಲ್‌ನಂಥ ಅಮೆರಿಕನ್ ಮೂಲದ ದ್ರಾಕ್ಷಿಯಿಂದಾಗುವುದು. ಈ ಇಸಬೆಲ್‌ಳ ಕುಲಗೋತ್ರ ಕೆದಕುತ್ತ ಹೋದರೆ ಕೊನೆಗೆ ಸಿಗುವುದು ನಮ್ಮ ಬೆಂಗಳೂರು ಬ್ಲೂ. ಚಿಕ್ಕಬಳ್ಳಾಪುರದ ಕಡೆ ಬೆಳೆದು, ಬಸ್ ಸ್ಟ್ಯಾಂಡಿನ ತಳ್ಳುಗಾಡಿಗಳಲ್ಲಿ ‘ಬೀಜ ಜಾಸ್ತಿ, ಸಿಪ್ಪೆ ದಪ್ಪ’ ಎಂದು ಬೈಸಿಕೊಳ್ಳುವ ಅದೇ ಹಣ್ಣು. ಸಾಗರಕ್ಕೆ ಅದು ಎರಡು ಸಾಗರ ದಾಟಿ, ಶೀಷೆಯೊಳಗೆ ಕುಳಿತು, ಸುಂಕ ಕಟ್ಟಿಸಿಕೊಂಡು ಬರಬೇಕೆ ಎಂಬುದು ಮೊದಲ ಆಕ್ಷೇಪ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಜಿಡ್ಡಿನ ಮೇಲೆ ಹುಳಿ ಬೀಳಬೇಕು ಎಂಬುದು ವೈನ್ ಶಾಸ್ತ್ರದ ಮೊದಲ ಸೂತ್ರ. ತುಪ್ಪದಲ್ಲಿ ಮುಳುಗಿದ ನಾಲಿಗೆಯನ್ನು ತೊಳೆದು ಮುಂದಿನ ತುತ್ತಿಗೆ ಅಣಿಗೊಳಿಸಲು ಹುಳಿಯಾದ ಬಿಳಿ ವೈನು ಬೇಕಂತೆ. ಈ ಸೂತ್ರವನ್ನು ಹಿರಿಯ ಅಡುಗೆ ಭಟ್ಟರೊಬ್ಬರ ಮುಂದಿಟ್ಟು, ‘ಭಟ್ರೇ, ಹೋಳಿಗೆ ತುಪ್ಪ ಆದಮೇಲೆ ಒಂದು ಲೋಟ ಹುಳಿ ವೈನು ಕೊಟ್ಟರೆ ಹೇಗೆ?’ ಎಂದು ಕೇಳಲಾಯಿತು. ಅವರು ಸೌಟು ಕೆಳಗಿಡದೆ, ‘ಅದ್ಕೆ ಒಗ್ಗರಣೆ ಎಂತದಾ ಮಾಣಿ?’ ಎಂದರು. ವೈನಿಗೆ ಒಗ್ಗರಣೆ ಹಾಕುವ ಪದ್ಧತಿ ಫ್ರಾನ್ಸಿನಲ್ಲೂ ಇಲ್ಲ ಎಂದು ತಿಳಿದಾಗ ಅವರ ಮುಖದಲ್ಲಿ ಕಂಡದ್ದು ಕೋಪವಲ್ಲ, ಶುದ್ಧ ಕನಿಕರ.

ಅವರ ಕನಿಕರಕ್ಕೆ ಆಧಾರವಿದೆ. ಆ ಜಾಗದಲ್ಲಿ ಈಗಾಗಲೇ ಅಪ್ಪೆಹುಳಿ ಕುಳಿತಿದೆ. ಮಾವಿನ ಮಿಡಿಯನ್ನು ಬೇಯಿಸಿ ಕಿವುಚಿ, ನೀರು ನೀರಾಗಿ ಕಲಸಿ, ಉಪ್ಪು ಹಾಕಿ, ಇಂಗು-ಸಾಸಿವೆ-ಒಣಮೆಣಸಿನ ಒಗ್ಗರಣೆ ಚುರ್ರೆನ್ನಿಸಿದರೆ ಮುಗಿಯಿತು. ಬಡಿಸುವವನು ತಂಬಿಗೆ ಹಿಡಿದು ಬಂದಾಗ ಅನುಭವಸ್ಥರು ಲೋಟ ಹುಡುಕುವುದಿಲ್ಲ, ಅಂಗೈ ಬಟ್ಟಲು ಮಾಡಿ ಒಡ್ಡುತ್ತಾರೆ. ಸುರ್ರೆಂದು ಎಳೆದ ಸದ್ದು ಪಂಕ್ತಿಯ ಈ ತುದಿಯಿಂದ ಆ ತುದಿಗೆ ಹರಿಯುತ್ತದೆ. ವೈನ್ ಪರೀಕ್ಷಕರೂ ಹೀಗೇ ಗಾಳಿ ಸೇರಿಸಿ ಸುರ್ರೆಂದು ಎಳೆಯುತ್ತಾರೆ, ಆಮೇಲೆ ಉಗಿಯುತ್ತಾರೆ. ನಮ್ಮಲ್ಲಿ ಉಗಿಯುವ ಪದ್ಧತಿ ಇಲ್ಲ, ಎಲೆಯಡಿಕೆ ಬಾಯಿಗೆ ಬೀಳುವ ತನಕ. ಅಮಲಿನ ಪ್ರಶ್ನೆ ಎತ್ತುವವರಿಗೆ ಉತ್ತರ: ಹಬ್ಬದ ಮಧ್ಯಾಹ್ನ ಎರಡು ಗಂಟೆಗೆ ಜಗುಲಿಯ ಮೇಲೆ ಸಾಲಾಗಿ ಮಲಗಿದ ಗಂಡಸರನ್ನು ಎಣಿಸಿ ನೋಡಬಹುದು.

ಇನ್ನು ಮಣ್ಣಿನ ಗುಣ. ದ್ರಾಕ್ಷಿ ಬೆಳೆದ ಗುಡ್ಡ, ಗಾಳಿ, ಇಳಿಜಾರು ಎಲ್ಲವೂ ಲೋಟದಲ್ಲಿ ಕಾಣುತ್ತದೆಂದು ವೈನಿನವರು ಹೇಳುವಾಗ ನಮ್ಮವರು ಬೆರಗಾಗಿ ಕೇಳುತ್ತಾರೆ. ಅದೇ ಜನ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಯ ಹೊತ್ತಿಗೆ ಅನಂತಭಟ್ಟನ ಅಪ್ಪೆಯೋ ಹಳದೋಟವೋ, ಮಾಳಂಜಿಯೋ ಕರ್ಣಕುಂಡಲವೋ, ಜೀರಿಗೆ ಪರಿಮಳದ್ದೋ ಕರ್ಪೂರದ್ದೋ ಎಂದು ಜಗಳಕ್ಕೆ ನಿಲ್ಲುತ್ತಾರೆ. ಪಾರಖಿಯಾದವನು ಮಿಡಿಯನ್ನು ಕಚ್ಚುವುದೇ ಇಲ್ಲ. ಎಲೆಯೊಂದನ್ನು ಹರಿದು ಹೊಸಕಿ ಮೂಗಿಗೆ ಹಿಡಿಯುತ್ತಾನೆ, ತೊಟ್ಟು ಮುರಿದು ಚಿಮ್ಮಿದ ಸೊನೆಯನ್ನು ಮೂಸುತ್ತಾನೆ, ಮರದ ಯೋಗ್ಯತೆಯನ್ನು ಅಲ್ಲೇ ತೀರ್ಮಾನಿಸುತ್ತಾನೆ. ಭರಣಿಯಲ್ಲಿ ಉಪ್ಪು ಹಾಕಿ ಮುಚ್ಚಿದ ಮಿಡಿ ವರ್ಷ ಕಳೆದರೂ ಗಟ್ಟಿಯಾಗಿರಬೇಕು, ಕಚ್ಚಿದರೆ ‘ಕಟುಂ’ ಎನ್ನಬೇಕು. ಭೌಗೋಳಿಕ ಸೂಚಕವೂ ಅಪ್ಪೆಮಿಡಿಗೆ ಸಿಕ್ಕಿದೆ. ಬ್ರೆಜಿಲ್‌ನ ಕಣಿವೆಗೆ ಇದ್ದದ್ದು, ನಮ್ಮ ಹೊಳೆದಂಡೆಗೆ ಇಲ್ಲದ್ದು ಯಾವುದೂ ಇಲ್ಲ ಎಂದಾಯಿತು.

ಹೊಳೆದಂಡೆಯೊಂದನ್ನು ಬಿಟ್ಟು. ಒಳ್ಳೆಯ ಅಪ್ಪೆಮರ ನೀರಿನ ಪಸೆ ಹುಡುಕಿಕೊಂಡು ಹೊಳೆಯ ಅಂಚಿಗೇ ನಿಲ್ಲುವ ಮರ. ಹೊಳೆಯ ಅಂಚೆಂದರೆ ಮುಳುಗಡೆಯಲ್ಲಿ ಮೊದಲು ಹೋಗುವ ಜಾಗ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು, ನೀರು 1819 ಅಡಿಯ ಗುರುತಿಗೆ ಏರತೊಡಗಿದಾಗ 300 ಚದರ ಕಿಲೋಮೀಟರಿಗೂ ಹೆಚ್ಚು ನೆಲ ಅಡಿಗೆ ಹೋಯಿತು. 1948ರಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆಯೇ ಅದರೊಳಗೆ ಮುಳುಗಿತು. ಅಣೆಕಟ್ಟೆಯೇ ಮುಳುಗಿದ ಊರಿನಲ್ಲಿ ಮಾವಿನ ಮರದ ಲೆಕ್ಕ ಇಟ್ಟವರು ಯಾರು? ಮನೆಗೆ, ತೋಟಕ್ಕೆ, ಗದ್ದೆಗೆ ಇಷ್ಟಿಷ್ಟು ಪರಿಹಾರ ಎಂದು ಬರೆದರು. ಮೂಗಿಗೆ ಮಾತ್ರ ಗೊತ್ತಿದ್ದ ಪರಿಮಳಕ್ಕೆ ಫಾರಂ ಇರಲಿಲ್ಲ.

ಇಲ್ಲಿ ಬ್ರೆಜಿಲ್ ಮತ್ತೆ ಪ್ರವೇಶಿಸುತ್ತದೆ, ಈ ಸಲ ಅನಿರೀಕ್ಷಿತ ಬಾಗಿಲಿನಿಂದ. ಆ ದೇಶದ ಈಶಾನ್ಯದಲ್ಲಿ ಸಾವೊ ಫ್ರಾನ್ಸಿಸ್ಕೊ ನದಿಗೆ 1970ರ ದಶಕದಲ್ಲಿ ಸೊಬ್ರಾದಿನ್ಯೊ ಅಣೆಕಟ್ಟೆ ಕಟ್ಟಿದರು. 4,000 ಚದರ ಕಿಲೋಮೀಟರಿಗೂ ಮಿಕ್ಕಿ ನೀರು ನಿಂತಿತು, ಸುಮಾರು 70,000 ಜನ ಊರು ಬಿಟ್ಟರು, ಕಾಸಾ ನೋವಾ, ರೆಮಾನ್ಸೊ ಮೊದಲಾದ ಪಟ್ಟಣಗಳೇ ಮುಳುಗಿದವು. ಅಲ್ಲಿನ ವಿದ್ಯುದಾಗಾರದ ಸಾಮರ್ಥ್ಯ 1,050 ಮೆಗಾವಾಟ್, ನಮ್ಮ ಶರಾವತಿ ವಿದ್ಯುದಾಗಾರದ್ದು 1,035. ಇಷ್ಟರ ಮಟ್ಟಿಗೆ ಇಬ್ಬರೂ ಬೀಗರಾಗಬಹುದು. ವ್ಯತ್ಯಾಸ ಆಮೇಲಿನದು. ಹೊಸದಾಗಿ ಕಟ್ಟಿದ ಕಾಸಾ ನೋವಾದ ಸುತ್ತ ಇವತ್ತು ದ್ರಾಕ್ಷಿ ತೋಟಗಳಿವೆ, ನದಿಯ ನೀರುಂಡು ವರ್ಷಕ್ಕೆ ಎರಡು ಫಸಲು ಕೊಡುತ್ತವೆ. ಮುಳುಗಡೆಯ ದಡದಲ್ಲಿ ಹುಟ್ಟಿದ ಆ ವೈನನ್ನು ಹಿನ್ನೀರಿನವರ ಊಟಕ್ಕೆ ಜೋಡಿಸಬಹುದೆಂದು ಪ್ರಬಂಧಕಾರನಿಗೆ ಒಂದು ಕ್ಷಣ ಅನ್ನಿಸಿದ್ದುಂಟು, ಊರು ಮುಳುಗಿದವರ ನಡುವೆ ಒಂದು ಸೌಹಾರ್ದ. ಆದರೆ ನಮ್ಮ ಮುಳುಗಡೆಯವರನ್ನು ಹಿನ್ನೀರಿನ ದಡದಲ್ಲಿ ನೀರಾವರಿ ತೋಟ ಕೊಟ್ಟು ಕೂರಿಸಲಿಲ್ಲ. ದೂರದ ಕಾಡಿಗೆ ಲಾರಿ ಹತ್ತಿಸಿದರು, ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಹಕ್ಕುಪತ್ರಕ್ಕೆ ಅಲೆಯುವ ಕೆಲಸ ಉಳಿಯಿತು. ಅದಕ್ಕೆ ಒಪ್ಪುವ ವೈನು ಯಾವುದೆಂದು ಶಾಸ್ತ್ರಗಳಲ್ಲಿ ಹೇಳಿಲ್ಲ.

ಕೆಂಪು ವೈನಿನ ವಿಚಾರಕ್ಕೆ ಬರೋಣ. ಕೆಂಪಿಗೆ ಬಣ್ಣ, ಒಗರು, ವಯಸ್ಸು ಎಂಬ ಮೂರು ಲಕ್ಷಣಗಳನ್ನು ಹೇಳುತ್ತಾರೆ. ಮೂರೂ ನಮ್ಮ ಚೊಗರಿಗೆ ಒಪ್ಪುತ್ತವೆ. ಕೊಯ್ಲಿನ ಕಾಲದಲ್ಲಿ ಸುಲಿದ ಹಸಿ ಅಡಿಕೆ ತಾಮ್ರದ ಹಂಡೆಯಲ್ಲಿ ಕುದಿಯುವಾಗ ಇಳಿಯುವ ಆ ಕಡುಗೆಂಪು ರಸವನ್ನು ಬತ್ತಿಸಿ ಮುಂದಿನ ವರ್ಷಕ್ಕೂ ಕಾದಿಡುತ್ತಾರೆ. ಹೊಸ ಅಡಿಕೆಗೆ ಬಣ್ಣ ಹತ್ತಬೇಕಾದರೆ ಹಳೆಯ ಚೊಗರು ಬೇಕು. ಬೋರ್ಡೋ ವೈನುಗಳನ್ನು 1855ರಲ್ಲಿ ಐದು ದರ್ಜೆಗಳಾಗಿ ವಿಂಗಡಿಸಿದ್ದನ್ನು ಇಂದಿಗೂ ಕೊಂಡಾಡುತ್ತಾರೆ. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೆಳಗ್ಗೆಯಿಂದ ಸಂಜೆಯವರೆಗೆ ವಿಂಗಡಿಸುತ್ತಾರೆ, ಯಾರೂ ಪುಸ್ತಕ ಬರೆಯುವುದಿಲ್ಲ. ಚೊಗರನ್ನು ಕುಡಿಯುವುದಿಲ್ಲ ಎಂಬ ಒಂದೇ ತೊಡಕಿದೆ. ಅದನ್ನು ಪರಿಹರಿಸಲೆಂದೇ ಊಟದ ನಂತರ ಕವಳದ ತಟ್ಟೆ ಬರುತ್ತದೆ. ಕೆಂಪು ವೈನು ಬಾಯಿಯಲ್ಲಿ ಮಾಡುವ ಒಗರಿನ ಕೆಲಸವನ್ನು ಅಡಿಕೆ ಮಾಡುತ್ತದೆ, ಬಣ್ಣವೂ ಉಚಿತ.

ಬೋರ್ಡೋ ಎಂದಾಗ ನೆನಪಾಯಿತು. ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಆ ಊರಿನವರು ರಸ್ತೆ ಬದಿಯ ಬಳ್ಳಿಗೆ ತಾಮ್ರದ ಉಪ್ಪು, ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ರೋಗ ಬರಲಿಲ್ಲ ಎಂಬುದನ್ನು ಗಮನಿಸಿ ಮಿಲಾರ್ಡೆ ಎಂಬ ಪ್ರಾಧ್ಯಾಪಕ 1885ರಲ್ಲಿ ಪ್ರಕಟಿಸಿದ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಅದನ್ನೇ ಹೊಡೆಸಿದರು. ಇವತ್ತು ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು ಎಂಬ ಮಂತ್ರ ಮಲೆನಾಡಿನಲ್ಲಿ ಬಾಯಿಪಾಠ. ವೈನಿನ ಲೋಕದಿಂದ ಲಿಂಗನಮಕ್ಕಿ ಸೀಮೆಗೆ ಬಂದು ಮನೆಮನೆ ಹೊಕ್ಕ ಪೇಯ ಇದೊಂದೇ. ಕುಡಿಯುವುದು ಅಡಿಕೆ ಗೊನೆ, ಜೋಡಿ ಪದಾರ್ಥ ಆಷಾಢದ ಮಳೆ.

ನೊರೆ ವೈನಿನ ಬಗ್ಗೆ ಹೆಚ್ಚು ಬರೆಯುವ ಅಗತ್ಯ ಕಾಣುವುದಿಲ್ಲ. ಆಲೆಮನೆಯ ರಾತ್ರಿ ಗಾಣದಿಂದ ಇಳಿದ ಕಬ್ಬಿನ ಹಾಲಿಗೆ ಶುಂಠಿ, ನಿಂಬೆ ಹಿಂಡಿ, ಮಂಡಕ್ಕಿ-ಮಿರ್ಚಿ ಜೊತೆ ಕುಡಿದವರು ಗರಿಬಾಲ್ಡಿಗೆ ಟಿಕೆಟ್ ತೆಗೆಸಿದ ದಾಖಲೆ ಇಲ್ಲ. ಗುಲಾಬಿ ಬಣ್ಣದ ವೈನೇ ಬೇಕೆಂದು ಹಟ ಹಿಡಿದವರಿಗೆ ಮುರುಗಲ ಹಣ್ಣಿನ ಪಾನಕವಿದೆ.

ತೀರ್ಥಹಳ್ಳಿಯ ಕಡುಬು-ಕೋಳಿಸಾರಿನ ಪಂಗಡದವರು ಈ ಪ್ರಬಂಧ ತಮ್ಮನ್ನು ಕಡೆಗಣಿಸಿದೆ ಎಂದು ದೂರಬಹುದು. ದೂರು ನ್ಯಾಯವಾದದ್ದೇ. ಅಲ್ಲಿ ಹಬ್ಬದ ಮರುದಿನದ ಊಟಕ್ಕೆ ಬಿರಡೆಯ ಸದ್ದು ಅಷ್ಟು ಅಪಾಯಕಾರಿಯಲ್ಲ. ಆದರೆ ಆ ಸಾರಿನ ಖಾರದ ಎದುರು ಇಸಬೆಲ್ ನಿಲ್ಲಲಾರಳು. ಅದಕ್ಕೆ ಜೋಡಿಯಾಗಿದ್ದ ಬಗನಿ ಕಳ್ಳು ಕುವೆಂಪು ಅವರ ಕಾದಂಬರಿಗಳಲ್ಲಿ ಹರಿದಷ್ಟು ಧಾರಾಳವಾಗಿ ಈಗ ಮರದಿಂದ ಇಳಿಯುವುದಿಲ್ಲ.

ತೀರ್ಪು: ಎಲೆಯಲ್ಲಿ ಜಾಗವಿಲ್ಲ. ಬ್ರೆಜಿಲ್‌ನವರು ತಪ್ಪು ತಿಳಿಯಬಾರದು. ಅವರ ಶೀಷೆ ಬಂದರೆ ಜಗುಲಿಯ ಮೇಲೆ ಕೂರಿಸಿ ಬೆಲ್ಲ-ನೀರು ಕೊಟ್ಟು ಕಳಿಸಲಾಗುವುದು.

ಓದುಗರಲ್ಲಿ ಒಂದು ವಿನಂತಿ ಮಾತ್ರ ತಮಾಷೆಯದಲ್ಲ. ಮಿಡಿಯ ಆಸೆಗೆ ಕೊಂಬೆಯನ್ನೇ ಕಡಿದು ಕೆಡಹುವವರಿಂದ ಉಳಿದ ಅಪ್ಪೆಮರಗಳೂ ಹೋಗುತ್ತಿವೆ. ಅಂಥವರನ್ನು ಮರದ ಬುಡಕ್ಕೆ ಬಿಡಬೇಡಿ. ಅಪ್ಪೆಮಿಡಿಯ ಕಸಿ ಗಿಡಗಳು ಮಲೆನಾಡಿನ ನರ್ಸರಿಗಳಲ್ಲಿ ಸಿಗುತ್ತವೆ, ಬೀಜದ ಮರದಷ್ಟು ಕಾಯಿಸುವುದಿಲ್ಲ. ಮಳೆ ಹಿಡಿದ ಕೂಡಲೇ ಎರಡು ನೆಡಿ, ಬೇಲಿ ಹಾಕಿ.